ಸಾಸವಡದ ಜಾಮೀನು: ಸಾವಕಾರರೂ ಸರಕಾರವೂ

1

ಪುಣೆಯಿಂದ ದಿವೆ ಘಾಟವನ್ನೇರಿ ಆಗ್ನೇಯಕ್ಕೆ ಸುಮಾರು 30 ಕಿಲೋಮೀಟರು ಸಾಗಿದರೆ ಕರ್ಹಾ ನದಿಯ ದಂಡೆಯ ಮೇಲೆ ಸಾಸವಡವೆಂಬ ಊರು ಸಿಗುತ್ತದೆ. ವಾರಕರಿಗಳಿಗೆ ಇದು ಸೋಪಾನದೇವರ ಸಮಾಧಿಯಿರುವ ಪುಣ್ಯಕ್ಷೇತ್ರ. ಆಳಂದಿಯಿಂದ ಪಂಢರಪುರಕ್ಕೆ ಹೊರಟ ಜ್ಞಾನದೇವರ ಪಾಲಖಿಯು ಇಲ್ಲಿ ತಂಗಿಯೇ ಮುಂದಕ್ಕೆ ಸಾಗುವುದು. ಇತಿಹಾಸದ ಅಭ್ಯಾಸಿಗಳಿಗಾದರೋ ಇದು ಪೇಶವೆ ಮನೆತನವು ಘಟ್ಟದ ಮೇಲೆ ಮೊದಲು ಬೇರುಬಿಟ್ಟ ನೆಲ. ಕೊಂಕಣದ ಶ್ರೀವರ್ಧನದಿಂದ ಬಂದ ಬಾಳಾಜಿ ವಿಶ್ವನಾಥನು ಸಾಸವಡದ ಅಂಬಾಜಿಪಂತ ಪುರಂದರೆಯ ಸ್ನೇಹವನ್ನು ಸಂಪಾದಿಸಿದನು. 1713ರಲ್ಲಿ ಛತ್ರಪತಿ ಶಾಹುವಿನಿಂದ ಪೇಶವೆ ಪದವಿಯನ್ನು ಪಡೆದನು. 1720ರಲ್ಲಿ ಇದೇ ಊರಿನಲ್ಲಿ ಗತಿಸಿದನು. ಅಂಬಾಜಿಪಂತನು ಪೇಶವೆಯ ಮುತಾಲಿಕನಾದನು. ಅಂದಿನಿಂದ ಭಟ್ಟರ ಮನೆತನಕ್ಕೂ ಪುರಂದರೆಯವರ ಮನೆತನಕ್ಕೂ ಬೆಸೆದ ನಂಟು ಮೂರು ತಲೆಮಾರುಗಳ ಕಾಲ ಉಳಿಯಿತು.

ಈ ನಂಟಿನ ಚರಿತ್ರೆಯಲ್ಲಿ 1740ರ ಪ್ರಸಂಗವೊಂದಿದೆ. ಯುದ್ಧಗಳ ವರ್ಣನೆಯ ನಡುವೆ ಅದು ಸಾಮಾನ್ಯವಾಗಿ ಎರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಆದರೆ ಒಂದು ಸರಕಾರವು ಹೋಗಿ ಇನ್ನೊಂದು ಬರುವ ಸಂಧಿಕಾಲದಲ್ಲಿ ಹಣವುಳ್ಳವರು ಏನನ್ನು ಬಯಸುತ್ತಾರೆ, ಅವರ ಬಯಕೆಯ ಬೆಲೆಯನ್ನು ಕೊನೆಗೆ ಯಾರು ತೆರುತ್ತಾರೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ವಿರಳ. ಈಚಿನ ದಿನಗಳಲ್ಲಿ ರಾಜಕೀಯವು ಕದಡಿದಾಗಲೆಲ್ಲ ಮತದಾರನನ್ನೇ ದೂರುವ ರೂಢಿಯು ಬಲವಾಗುತ್ತಿರುವುದರಿಂದ ಈ ಪ್ರಸಂಗವನ್ನು ತುಸು ವಿವರವಾಗಿ ನೋಡುವುದು ಉಚಿತವಾಗಿದೆ.

2

ಮೊದಲಿಗೆ ಅಂದಿನ ಸರಕಾರಗಳಿಗೆ ಸಾಲವೇಕೆ ಅನಿವಾರ್ಯವಾಗಿತ್ತೆಂಬುದನ್ನು ತಿಳಿಯಬೇಕು. ಭೂಮಿಯ ಕಂದಾಯವು ಸುಗ್ಗಿಯ ತರುವಾಯ ಕಂತು ಕಂತಾಗಿ ಬರುತ್ತಿತ್ತು. ದಂಡಾದರೋ ದಸರೆಯ ಸೀಮೋಲ್ಲಂಘನದ ಹೊತ್ತಿಗೇ ಹೊರಡಬೇಕು. ಕುದುರೆಗೆ ಮೇವು, ಸವಾರನಿಗೆ ಮುಂಗಡ, ಮದ್ದುಗುಂಡಿಗೆ ಹಣ ಇವು ಕಾಯಲಾರವು. ಪರರಾಜ್ಯಗಳಿಂದ ಬರಬೇಕಾದ ಚೌಥವಾದರೂ ದಂಡು ಹೋಗಿ ನಿಂತಲ್ಲದೆ ವಸೂಲಾಗುತ್ತಿರಲಿಲ್ಲ. ಹೀಗೆ ವೆಚ್ಚವು ಮುಂದೆ, ಆದಾಯವು ಹಿಂದೆ. ಈ ನಡುವಣ ಅಂತರವನ್ನು ತುಂಬಿಕೊಡುತ್ತಿದ್ದವನು ಸಾವಕಾರನು. ಆತನು ರೊಕ್ಕವನ್ನಾಗಲಿ ಹುಂಡಿಯನ್ನಾಗಲಿ ಕೊಡುವನು. ಬಡ್ಡಿಯಲ್ಲದೆ ನಾಣ್ಯಗಳ ವಟ್ಟವನ್ನೂ ಹಿಡಿದುಕೊಳ್ಳುವನು. ಆಧಾರವಾಗಿ ಯಾವುದಾದರೊಂದು ಪ್ರಾಂತದ ವಸೂಲಿಯನ್ನು ಬರೆಯಿಸಿಕೊಳ್ಳುವನು. ದಂಡಯಾತ್ರೆಯು ಫಲಿಸಿದರೆ ಸಾಲ ತೀರುವುದು. ಫಲಿಸದಿದ್ದರೆ ಹಳೆಯ ಸಾಲದ ಬಡ್ಡಿಗಾಗಿ ಹೊಸ ದಂಡಯಾತ್ರೆ ಹೊರಡಬೇಕಾಗುವುದು.

ಮೊದಲನೆಯ ಬಾಜಿರಾಯನ ಕಾಲದಲ್ಲಿ ಈ ಚಕ್ರವು ಅತಿ ವೇಗವಾಗಿ ತಿರುಗಿತು. ನರ್ಮದೆಯನ್ನು ದಾಟಿ ದಿಲ್ಲಿಯ ಹೆಬ್ಬಾಗಿಲಿನವರೆಗೆ ಮರಾಠಾ ದಂಡನ್ನು ಒಯ್ದ ಈ ವೀರನು ತನ್ನ ಗುರುವಾದ ಧಾವಡಶಿಯ ಬ್ರಹ್ಮೇಂದ್ರಸ್ವಾಮಿಗೆ ಬರೆದ ಪತ್ರದಲ್ಲಿ, ಸಾಲಗಾರರ ಕಾಲಿಗೆರಗಿ ಎರಗಿ ಹಣೆಯ ಚರ್ಮವೇ ಸವೆದುಹೋಯಿತೆಂಬ ಅರ್ಥದಲ್ಲಿ ಗೋಳಿಟ್ಟಿದ್ದಾನೆ. ಆ ಗುರುವೂ ಆತನಿಗೆ ಬಡ್ಡಿಯ ಮೇಲೆ ಹಣ ಕೊಟ್ಟ ಸಾಲಿಗರಲ್ಲಿ ಒಬ್ಬನಾಗಿದ್ದನೆಂಬುದು ಗಮನಾರ್ಹ. 1740ರ ಏಪ್ರಿಲ್ 28ರಂದು ನರ್ಮದೆಯ ತೀರದ ರಾವೇರಖೇಡಿಯಲ್ಲಿ ಬಾಜಿರಾಯನು ಮಡಿದಾಗ ಆತನು ಮಗನಿಗೆ ಕೀರ್ತಿಯ ಜೊತೆಗೆ ದೊಡ್ಡ ಸಾಲವನ್ನೂ ಬಿಟ್ಟುಹೋದನು.

3

ಬಾಜಿರಾಯನ ಸಾಲಿಗರಲ್ಲಿ ಬಾರಾಮತಿಯ ಬಾಬೂಜಿ ನಾಯಕ ಜೋಶಿಯು ಪ್ರಮುಖನು. ಈತನು ಪೇಶವೆಯವರಿಗೆ ಬೀಗನೂ ಹೌದು. ಈತನ ಸೋದರನಾದ ಆಬಾಜಿಯು ಬಾಜಿರಾಯನ ಸೋದರಿಯಾದ ಭಿವೂಬಾಯಿಯ ಪತಿ. ಆದರೆ ಬೀಗತನವು ಸಾಲದ ಲೆಕ್ಕವನ್ನು ಮೃದುಗೊಳಿಸಲಿಲ್ಲ. ಪೇಶವೆಯ ಗಾದಿಯು ತೆರವಾದೊಡನೆ ನಾಗಪುರದ ರಘೂಜಿ ಭೋಸಲೆಯು ಆರ್ಕಾಟಿನ ಕಡೆಯ ತನ್ನ ದಂಡಯಾತ್ರೆಯನ್ನು ಅರ್ಧಕ್ಕೆ ಬಿಟ್ಟು ಸಾತಾರೆಗೆ ಧಾವಿಸಿದನು. ಬಾಜಿರಾಯನ ಹಿರಿಯ ಮಗನಾದ ಬಾಳಾಜಿಯ, ಎಂದರೆ ನಾನಾಸಾಹೇಬನ ಬದಲಿಗೆ ಬಾಬೂಜಿ ನಾಯಕನನ್ನೇ ಪೇಶವೆಯನ್ನಾಗಿ ಮಾಡಬೇಕೆಂಬುದು ಆತನ ಹಂಚಿಕೆ. ಈ ನೇಮಕಕ್ಕಾಗಿ ಶಾಹುವಿಗೆ ಬಹು ದೊಡ್ಡ ಮೊತ್ತಗಳನ್ನು ಒಪ್ಪಿಸುವ ಮಾತು ಬಂದಿತೆಂದು ಗ್ರಾಂಟ್ ಡಫ್ಫನು 1826ರಲ್ಲಿ ಪ್ರಕಟಿಸಿದ ತನ್ನ ಮರಾಠರ ಇತಿಹಾಸದಲ್ಲಿ ಹೇಳಿದ್ದಾನೆ.

ಶಾಹುವು ಆ ಹಣಕ್ಕೆ ಮಣಿಯಲಿಲ್ಲ. ಅದೇ ವರ್ಷದ ನಡುವಿನಲ್ಲಿ ಪೇಶವೆ ಪದವಿಯ ವಸ್ತ್ರಗಳು ನಾನಾಸಾಹೇಬನಿಗೇ ದೊರೆತವು. ಆಗ ನಾಯಕನು ಎರಡನೆಯ ಅಸ್ತ್ರವನ್ನು ಹೂಡಿದನು: ತಂದೆಯ ಸಾಲವನ್ನು ಮಗನು ಕೂಡಲೇ ತೀರಿಸಬೇಕೆಂದು ಪಟ್ಟುಹಿಡಿದನು. ಪದವಿಯನ್ನು ಕೊಳ್ಳಲಾಗದಿದ್ದರೆ ಪದವಿಯಲ್ಲಿರುವವನನ್ನು ಕಟ್ಟಿಹಾಕುವ ಉಪಾಯವಿದು. ಆಗತಾನೆ ಅಧಿಕಾರಕ್ಕೆ ಬಂದ, ಹತ್ತೊಂಬತ್ತರ ಆಸುಪಾಸಿನ ತರುಣನಿಗೆ ಇದು ಸಾಮಾನ್ಯ ಸಂಕಟವಾಗಿರಲಿಲ್ಲ. ಈ ಬಿಕ್ಕಟ್ಟಿನಿಂದ ಆತನನ್ನು ಪಾರುಮಾಡಿದವನು ಸಾಸವಡದ ಮಹಾದೋಬಾ ಪುರಂದರೆ, ಅಂಬಾಜಿಪಂತನ ಮಗ. ಆತನು ತನ್ನ ವರ್ಚಸ್ಸನ್ನೂ ಪೇಟೆಯಲ್ಲಿ ತನಗಿದ್ದ ಪತ್ತನ್ನೂ ಮುಂದೊಡ್ಡಿ ನಾಯಕನ ಸಾಲವನ್ನು ತೀರಿಸುವ ವ್ಯವಸ್ಥೆ ಮಾಡಿದನು. ಈ ಉಪಕಾರವನ್ನು ನಾನಾಸಾಹೇಬನು ಮರೆಯಲಿಲ್ಲ. ಮುಂದೆ 1750ರಲ್ಲಿ ಸದಾಶಿವರಾಯ ಭಾವೂವು ದಿವಾಣಗಿರಿಯನ್ನು ಬಯಸಿ ಮನೆಯಲ್ಲಿ ಒಡಕು ಹುಟ್ಟುವಂತಾದಾಗ ಮಹಾದೋಬನು ತಾನಾಗಿ ಆ ಅಧಿಕಾರವನ್ನು ಬಿಟ್ಟುಕೊಟ್ಟನೆಂಬುದು ಆತನ ಹಿರಿಮೆಗೆ ಸಾಕ್ಷಿಯಾಗಿದೆ.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ತೋರಬಹುದು. ಆದರೆ ಲೆಕ್ಕವು ಇಲ್ಲಿಗೆ ಮುಗಿಯುವುದಿಲ್ಲ. ಒಬ್ಬ ಸಾವಕಾರನ ಕೈಯಿಂದ ಇನ್ನೊಬ್ಬ ಪತ್ತುಗಾರನ ಕೈಗೆ ಬಂದ ಮಾತ್ರಕ್ಕೆ ಸಾಲವು ಅಳಿಯುವುದಿಲ್ಲ. ಕೊಡುವ ಹಣವು ಎಲ್ಲಿಂದಲಾದರೂ ಬರಲೇಬೇಕು. ಅದು ಎಲ್ಲಿಂದ ಬಂದಿತೆಂಬುದನ್ನು ಹುಡುಕುತ್ತ ಹೋದರೆ ದಾರಿಯು ಕರ್ನಾಟಕಕ್ಕೆ ತಲುಪುತ್ತದೆ.

4

ಪೇಶವೆ ಪದವಿಯು ತಪ್ಪಿದ ಬಾಬೂಜಿ ನಾಯಕನಿಗೆ ರಘೂಜಿಯ ವಶೀಲಿಯಿಂದ ಇನ್ನೊಂದು ಲಾಭವಾಯಿತು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಪ್ರದೇಶದ ಚೌಥ ಮತ್ತು ಸರದೇಶಮುಖಿಯ ವಸೂಲಿಯನ್ನು ವರ್ಷಕ್ಕೆ 7 ಲಕ್ಷ ರೂಪಾಯಿಗಳಿಗೆ ಆತನು ಗುತ್ತಿಗೆಗೆ ಹಿಡಿದನೆಂದು ಗ್ರಾಂಟ್ ಡಫ್ಫನು ತಿಳಿಸುತ್ತಾನೆ. ಸಾತಾರೆಯ ದರಬಾರಿನಲ್ಲಿ ನಡೆದ ಪೈಪೋಟಿಯ ಸಮಾಧಾನಕ್ಕೆಂದು ಕನ್ನಡ ನಾಡಿನ ರೈತನ ರಾಶಿಯನ್ನು ಕೊಟ್ಟಂತಾಯಿತು. ಆ ರೈತನಿಗೆ ನಾನಾಸಾಹೇಬನೂ ಗೊತ್ತಿಲ್ಲ, ನಾಯಕನೂ ಗೊತ್ತಿಲ್ಲ. ಸ್ಥಳೀಯರ ವಿರೋಧವೂ ದಂಡಿನ ವೆಚ್ಚವೂ ಸೇರಿ ನಾಯಕನು ಈ ವ್ಯವಹಾರದಲ್ಲಿ ದಿವಾಳಿಯಾದನು. ಬಳಿಕ 1746ರಲ್ಲಿ ಪೇಶವೆಯೇ ಸದಾಶಿವರಾಯನನ್ನು ಕರ್ನಾಟಕಕ್ಕೆ ಕಳುಹಿಸಿದನು. ಗುತ್ತಿಗೆದಾರ ಬದಲಾದನು, ತೆರುವವನು ಬದಲಾಗಲಿಲ್ಲ.

ಮೈಸೂರಿನಲ್ಲಿ ಇದೇ ನಾಟಕವು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1755ರಲ್ಲಿ ನಿಜಾಮನಾದ ಸಲಾಬತ್ ಜಂಗನು ಫ್ರೆಂಚ್ ಸೇನಾನಿ ಬುಸ್ಸಿಯೊಡನೆ ಶ್ರೀರಂಗಪಟ್ಟಣದ ಮುಂದೆ ಬಂದು ನಿಂತಾಗ 56 ಲಕ್ಷ ರೂಪಾಯಿಗಳಿಗೆ ಒಪ್ಪಂದವಾಯಿತು. ದೇವಾಲಯಗಳ ಒಡವೆಗಳನ್ನೂ ಅರಮನೆಯ ಆಭರಣಗಳನ್ನೂ ತೆಗೆದುಕೊಟ್ಟರೂ ಮೊತ್ತ ತುಂಬಲಿಲ್ಲ. ಉಳಿದುದಕ್ಕೆ ಸಾಹುಕಾರರನ್ನು ಹೊಣೆಗಾರರನ್ನಾಗಿ ಒಪ್ಪಿಸಬೇಕಾಯಿತು. ಎರಡೇ ವರ್ಷಗಳ ಅನಂತರ, 1757ರಲ್ಲಿ, ನಾನಾಸಾಹೇಬನು ಬಂದನು. ಈ ಬಾರಿ 32 ಲಕ್ಷಕ್ಕೆ ಮಾತಾಯಿತು. 5 ಲಕ್ಷದಷ್ಟನ್ನು ಮಾತ್ರ ಕೊಡಲು ಸಾಧ್ಯವಾಗಿ, ಉಳಿದುದಕ್ಕೆ ತಾಲೂಕುಗಳನ್ನೇ ಒತ್ತೆಯಿಡಲಾಯಿತು. ಒತ್ತೆಯಿಟ್ಟ ತಾಲೂಕುಗಳ ವಸೂಲಿಯು ಹೋದುದರಿಂದ ಮೈಸೂರಿನ ಸ್ವಂತ ಸೈನಿಕರಿಗೆ ಸಂಬಳವಿಲ್ಲದಾಯಿತು. 1758ರಲ್ಲಿ ಅವರು ದಳವಾಯಿ ನಂಜರಾಜಯ್ಯನ ಬಾಗಿಲಿನಲ್ಲಿ ಧರಣಿ ಕುಳಿತರು. ಆ ಬಾಕಿಯನ್ನು ಇತ್ಯರ್ಥಪಡಿಸಿದವನು ದಿಂಡುಗಲ್ಲಿನ ಫೌಜದಾರನಾಗಿದ್ದ ಹೈದರಾಲಿ.

ಮರುವರ್ಷ ಗೋಪಾಳರಾಯ ಹರಿಯು ಬಾಕಿಗಾಗಿ ದಂಡೆತ್ತಿ ಬಂದಾಗ ನಡೆದುದು ಇನ್ನೂ ಅರ್ಥಪೂರ್ಣವಾಗಿದೆ. ಎಲ್ಲ ಬೇಡಿಕೆಗಳಿಗೂ ಸೇರಿ 32 ಲಕ್ಷವೆಂದು ತೀರ್ಮಾನವಾಗಿ, ಅರ್ಧವನ್ನು ರೊಕ್ಕದಲ್ಲಿ ಕೊಡಲಾಯಿತು. ಉಳಿದರ್ಧಕ್ಕೆ ಮರಾಠಾ ದಂಡಿನೊಡನಿದ್ದ ಸಾಹುಕಾರರು ಹೈದರನ ವೈಯಕ್ತಿಕ ಭರವಸೆಯ ಮೇಲೆ ಹೊಣೆ ನಿಂತರೆಂದು ವಿಲ್ಕ್ಸನು ಬರೆದಿದ್ದಾನೆ. ಆ ಭರವಸೆಗೆ ಪ್ರತಿಯಾಗಿ, ಬಿಡುಗಡೆಯಾದ ತಾಲೂಕುಗಳ ಆಡಳಿತವು ಹೈದರನ ಕೈಗೆ ಬರಬೇಕೆಂಬುದು ಕರಾರು. ಸಾಹುಕಾರರು ನಂಬಿದುದು ಮೈಸೂರಿನ ಅರಸನನ್ನಲ್ಲ, ದಳವಾಯಿಯನ್ನೂ ಅಲ್ಲ, ಒಬ್ಬ ಸೇನಾಧಿಕಾರಿಯನ್ನು. ಅದೇ ವರ್ಷ ನಂಜರಾಜಯ್ಯನು ಅಧಿಕಾರದಿಂದ ಸರಿಯಬೇಕಾಯಿತು. 1761ರ ಹೊತ್ತಿಗೆ ಹೈದರನು ರಾಜ್ಯದ ಸರ್ವಾಧಿಕಾರಿಯಾದನು. ಆತನ ಶೌರ್ಯವನ್ನೂ ಜಾಣ್ಮೆಯನ್ನೂ ಕಡೆಗಣಿಸಬೇಕಾಗಿಲ್ಲ. ಆದರೆ ಖಡ್ಗಕ್ಕಿಂತ ಮೊದಲು ಆತನಿಗೆ ದಾರಿ ಮಾಡಿಕೊಟ್ಟುದು ಪತ್ತು ಎಂಬುದನ್ನು ಮರೆಯಬಾರದು.

5

ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. 1757ರಲ್ಲಿಯೇ ಬಂಗಾಳದಲ್ಲಿ ಮುರ್ಶಿದಾಬಾದಿನ ಜಗತ್‌ಸೇಠರು ಸಿರಾಜುದ್ದೌಲನನ್ನು ಕೆಳಗಿಳಿಸುವ ಸಂಚಿನಲ್ಲಿ ಪಾಲುಗೊಂಡರು. ಯೂರೋಪಿನಲ್ಲಿ ಇದಕ್ಕೂ ಹಿಂದೆ, 1519ರಲ್ಲಿ, ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯ ಚುನಾವಣೆ ನಡೆದಾಗ ಏಳು ಮಂದಿ ಮತಾಧಿಕಾರಿಗಳನ್ನು ಒಲಿಸಿಕೊಳ್ಳಲು ಐದನೆಯ ಚಾರ್ಲ್ಸನ ಪಕ್ಷವು ಸುಮಾರು 8,50,000 ಗುಲ್ಡನ್ನುಗಳನ್ನು ವೆಚ್ಚಮಾಡಿತು. ಅದರಲ್ಲಿ ಸುಮಾರು 5,44,000ವನ್ನು ಒದಗಿಸಿದವನು ಆಗ್ಸ್‌ಬರ್ಗಿನ ಸಾಹುಕಾರ ಯಾಕೋಬ್ ಫುಗ್ಗರ್. ನಾಲ್ಕು ವರ್ಷಗಳ ಅನಂತರ ಬಾಕಿಯನ್ನು ಕೇಳುತ್ತ, ತನ್ನ ನೆರವಿಲ್ಲದೆ ಕಿರೀಟವು ದೊರೆಯುತ್ತಿರಲಿಲ್ಲವೆಂಬುದನ್ನು ಆತನು ಚಕ್ರವರ್ತಿಗೆ ನೇರವಾಗಿಯೇ ನೆನಪಿಸಿದನು.

ಮತಾಧಿಕಾರವು ಏಳು ಜನರಿಂದ ಕೋಟ್ಯಂತರ ಜನರಿಗೆ ಹರಡಿದ ಮೇಲೂ ಈ ನೆನಪಿಸುವಿಕೆಯು ನಿಂತಿಲ್ಲ. 2024ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದ ಪಕ್ಷದ ಪರವಾಗಿ ಈಲಾನ್ ಮಸ್ಕನು 25 ಕೋಟಿ ಡಾಲರಿಗೂ ಮಿಕ್ಕಿದ ಹಣವನ್ನು ವೆಚ್ಚಮಾಡಿದನೆಂಬುದು ಅಲ್ಲಿಯ ಸರಕಾರಿ ದಾಖಲೆಗಳಲ್ಲಿದೆ. ಹೊಸ ಸರಕಾರವು ಬಂದೊಡನೆ ಆಡಳಿತದ ವೆಚ್ಚವನ್ನು ಕಡಿತಗೊಳಿಸುವ ವಿಭಾಗದ ಮುಂದಾಳಾಗಿ ಆತನು ಕಾಣಿಸಿಕೊಂಡು 2025ರ ಮೇ ತಿಂಗಳವರೆಗೆ ಅಲ್ಲಿದ್ದನು. ಅಲ್ಲಿ ಕೊಟ್ಟವನ ಹೆಸರಾದರೂ ಬಯಲಾಗಿತ್ತು. ಭಾರತದಲ್ಲಿ 2018ರಿಂದ ಚುನಾವಣಾ ಬಾಂಡುಗಳ ಮೂಲಕ ಪಕ್ಷಗಳಿಗೆ ಹಣ ಕೊಡುವ ವ್ಯವಸ್ಥೆಯು ಬಂದಾಗ ಕೊಟ್ಟವರ ಹೆಸರು ಸಾರ್ವಜನಿಕರಿಗೆ ತಿಳಿಯುವಂತಿರಲಿಲ್ಲ. ಕಂಪನಿಗಳು ತಮ್ಮ ಸರಾಸರಿ ಲಾಭದ ನೂರಕ್ಕೆ 7.5ಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿಯನ್ನೂ 2017ರಲ್ಲಿಯೇ ತೆಗೆಯಲಾಗಿತ್ತು. ಸುಮಾರು 16,500 ಕೋಟಿ ರೂಪಾಯಿಗಳ ಬಾಂಡುಗಳು ಮಾರಾಟವಾದ ಬಳಿಕ, 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ಆ ಯೋಜನೆಯನ್ನು ಅಸಿಂಧುವೆಂದು ಸಾರಿತು. ಮತದಾರನಿಗೆ ತಿಳಿಯುವ ಹಕ್ಕಿದೆ ಎಂಬುದೇ ಆ ತೀರ್ಪಿನ ತಿರುಳು.

6

ಇನ್ನು ಮತದಾರನ ಮೇಲಿನ ದೂರನ್ನು ವಿಚಾರಿಸಬಹುದು. ಹಿಂದೆ ‘ಯಥಾ ರಾಜಾ ತಥಾ ಪ್ರಜಾ’ ಎನ್ನುತ್ತಿದ್ದರು. ಇಂದು ಆ ಮಾತನ್ನು ತಿರುಗಿಸಿ, ಪ್ರಜೆಗಳಿಗೆ ತಕ್ಕ ಸರಕಾರವೇ ಸಿಗುವುದೆಂದು ಹೇಳಲಾಗುತ್ತಿದೆ. ಹಣ ಪಡೆದು ಮತ ಹಾಕುವವನನ್ನು, ಮತಗಟ್ಟೆಗೆ ಬಾರದೆ ಮನೆಯಲ್ಲಿ ಕುಳಿತವನನ್ನು ಯಾರೂ ಸಮರ್ಥಿಸಲಾರರು. 1740ರ ರೈತನಿಗೆ ಇಲ್ಲದಿದ್ದ ಆಯ್ಕೆಯು ಇಂದಿನ ಮತದಾರನಿಗೆ ಇದೆ. ಅಷ್ಟರಮಟ್ಟಿಗೆ ಹೊಣೆಯೂ ಇದೆ. ಆದರೆ ಎಷ್ಟರಮಟ್ಟಿಗೆ? ಮಹಾರಾಷ್ಟ್ರದ ಮತದಾರರು 2019ರಲ್ಲಿ ಒಂದು ಸಲ ವಿಧಾನಸಭೆಯನ್ನು ಆರಿಸಿದರು; ಆ ಒಂದೇ ಸಭೆಯ ಅವಧಿಯಲ್ಲಿ ದೇವೇಂದ್ರ ಫಡಣವೀಸ, ಉದ್ಧವ ಠಾಕರೆ, ಏಕನಾಥ ಶಿಂದೆ ಹೀಗೆ ಮೂವರು ಮುಖ್ಯಮಂತ್ರಿಗಳಾಗಿ ಪ್ರಮಾಣವಚನ ತೆಗೆದುಕೊಂಡರು. ಕರ್ನಾಟಕದ ಮತದಾರರು 2018ರಲ್ಲಿ ಆರಿಸಿದ ಸಭೆಯಿಂದ ಬಿ. ಎಸ್. ಯಡಿಯೂರಪ್ಪ, ಎಚ್. ಡಿ. ಕುಮಾರಸ್ವಾಮಿ, ಮತ್ತೆ ಯಡಿಯೂರಪ್ಪ, ಆಮೇಲೆ ಬಸವರಾಜ ಬೊಮ್ಮಾಯಿ ಎಂದು ನಾಲ್ಕು ಸಲ ಸರಕಾರಗಳು ರಚಿತವಾದವು. ಈ ಬದಲಾವಣೆಗಳ ಗುಣದೋಷಗಳೇನೇ ಇರಲಿ, ಪ್ರತಿ ತಿರುವಿನಲ್ಲಿಯೂ ಸಾಮಾನ್ಯ ಮತದಾರನನ್ನು ಕೇಳಿದವರಿಲ್ಲ. ಹೀಗಿದ್ದೂ ಗೊಂದಲಕ್ಕೆಲ್ಲ ಅವನೇ ಕಾರಣವೆನ್ನುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ವ್ಯವಹಾರ ಬಲ್ಲವರಿಗೆಲ್ಲ ಪರಿಚಿತವಾದ ನಿಯಮವೊಂದಿದೆ. ಜಾಮೀನು ನಿಲ್ಲುವವನಿಗೆ ಪತ್ರವನ್ನು ಓದಿಹೇಳಬೇಕು. ಸಾಲವೆಷ್ಟು, ಯಾರದು, ಯಾವ ಕರಾರಿನದು ಎಂಬುದನ್ನು ಅರಿತು ಅವನು ಸಹಿ ಮಾಡಬೇಕು. ಸಾಸವಡದ ಮಹಾದೋಬನು ಸಾಲದ ಮೊತ್ತವನ್ನೂ ಸಾಲಿಗನ ಗುಣವನ್ನೂ ತಿಳಿದೇ ತನ್ನ ಹೆಸರನ್ನು ಒತ್ತೆಯಿಟ್ಟನು. ಕೃಷ್ಣೆಯ ಈಚೆಯ ರೈತನಾದರೋ ತಾನು ಕಾಣದ ಪತ್ರಕ್ಕೆ ಜಾಮೀನಾದನು. ಪ್ರಜಾಪ್ರಭುತ್ವದ ಹೆಚ್ಚಳವಿರುವುದು ರೈತನನ್ನು ಆ ಸ್ಥಿತಿಯಿಂದ ಮೇಲೆತ್ತಿ, ಪತ್ರವನ್ನು ಓದಿ ಸಹಿ ಮಾಡುವ ಅಧಿಕಾರವನ್ನು ಅವನಿಗೆ ಕೊಡುವುದರಲ್ಲಿ. ಯಾರ ಹಣದಿಂದ ಯಾವ ಪಕ್ಷವು ನಡೆಯುತ್ತದೆ, ಆ ಹಣಕ್ಕೆ ಪ್ರತಿಯಾಗಿ ಏನನ್ನು ಬರೆದುಕೊಡಲಾಗಿದೆ ಎಂಬ ಖಾತೆಯು ಮತದಾನಕ್ಕೆ ಮೊದಲೇ ಬಯಲಿನಲ್ಲಿರಬೇಕು. ಆ ಖಾತೆಯನ್ನು ಓದಿಯೂ ಮತದಾರನು ತಪ್ಪಿ ನಡೆದರೆ ಆಗ ಅವನನ್ನು ದೂರಬಹುದು. ಅಲ್ಲಿಯವರೆಗೆ, ಹೊಸ ಸರಕಾರವೊಂದು ಬಂದಾಗಲೆಲ್ಲ ಜನರು ಮೊದಲು ಕೇಳಬೇಕಾದ ಪ್ರಶ್ನೆಯೆಂದರೆ, ಗಾದಿಯ ಮೇಲೆ ಕುಳಿತವನು ಯಾರು ಎಂಬುದಷ್ಟೇ ಅಲ್ಲ. ಅವನ ಸಾಲಪತ್ರ ಯಾರ ಪೆಟ್ಟಿಗೆಯಲ್ಲಿದೆ ಎಂಬುದೂ ಹೌದು.