ಹೇಳಿಸಿಕೊಂಡು ಮಾಡುವ ಧ್ಯಾನ



ಬಿತ್ತನೆಯಾಗಿ ಹದಿನೈದು ದಿನ ಕಳೆದಿದೆ, ಮಳೆ ಕೈಕೊಟ್ಟಿದೆ ಎನ್ನಿ. ಸೊಸೈಟಿ ಸಾಲದ ವಾಯಿದೆ ಬೇರೆ ಹತ್ತಿರ ಬಂದಿದೆ. ಹಗಲೆಲ್ಲಾ ದುಡಿದು ಮೈ ನುಗ್ಗಾಗಿರುತ್ತದೆ. ಆದರೆ ಹಾಸಿಗೆಗೆ ಬಿದ್ದರೆ ರೆಪ್ಪೆಗೆ ರೆಪ್ಪೆ ಹತ್ತೋಲ್ಲ. ನಡುರಾತ್ರಿ ಕರೆಂಟು ಬಂತೆಂದು ಎದ್ದು ಹೋಗಿ ಪಂಪುಸೆಟ್ಟು ಹಾಕಿ ಬಂದ ಮೇಲಂತೂ ಕೋಳಿ ಕೂಗುವ ತನಕ ಸೂರಿನ ಗಳು ಎಣಿಸುವುದೇ ಕೆಲಸ. ಈ ಕಷ್ಟ ಎಷ್ಟು ಮನೆಗಳಲ್ಲಿ ಇಲ್ಲ, ಹೇಳಿ?

ಇದಕ್ಕೆ ಧ್ಯಾನ ಮಾಡಿ ನೋಡಿ ಎಂದರೆ, "ಅದೆಲ್ಲಾ ಮಠದ ಸ್ವಾಮಿಗಳಿಗೆ ಸರಿ. ದನಕರು ಕಟ್ಟಿಕೊಂಡ ನಮಗ್ಯಾಕೆ ಸ್ವಾಮಿ?" ಎಂದು ನೀವು ಕೇಳಬಹುದು. ಕಣ್ಣು ಮುಚ್ಚಿ ಕೂತರೆ ಸಾಲಗಾರನ ಮುಖವೇ ಕಾಣುತ್ತದೆ ಎನ್ನುವವರೂ ಉಂಟು. ಆ ಮಾತು ಸುಳ್ಳಲ್ಲ. ಕಳವಳಗೊಂಡ ಮನಸ್ಸನ್ನು ಒಬ್ಬಂಟಿಯಾಗಿ ಹಿಡಿದು ನಿಲ್ಲಿಸುವುದು ಪಳಗಿದವರಿಗೂ ಕಷ್ಟ. ಆದ್ದರಿಂದಲೇ ಈ ಹೊತ್ತು ಬೇರೆ ಒಂದು ಬಗೆಯ ಧ್ಯಾನವನ್ನು ತಿಳಿಸಬೇಕೆಂದಿದ್ದೇವೆ. ಇದರಲ್ಲಿ ಒಬ್ಬರು ನಿಧಾನವಾಗಿ ಹೇಳುತ್ತಾ ಹೋಗುತ್ತಾರೆ; ನೀವು ಕೇಳಿಸಿಕೊಂಡು, ಹೇಳಿದ ಕಡೆಗೆ ಗಮನ ಕೊಡುತ್ತಾ ಹೋದರೆ ಸಾಕು. ಹೊಸ ಹೋರಿಯನ್ನು ಪಳಗಿಸುವಾಗ ನಾವು ಏನು ಮಾಡುತ್ತೇವೆ? ಪಳಗಿದ ಎತ್ತಿನ ಜೊತೆಗೆ ನೊಗಕ್ಕೆ ಕಟ್ಟುತ್ತೇವೆ. ಹೋರಿ ಅತ್ತಿತ್ತ ಎಳೆದಾಡಿದರೂ ಪಕ್ಕದ ಎತ್ತು ಅದನ್ನು ಸಾಲಿಗೆ ತರುತ್ತದೆ. ಹೇಳುವವರ ದನಿ ಇಲ್ಲಿ ಆ ಹಳೆಯ ಎತ್ತಿದ್ದ ಹಾಗೆ.

ಚಿಂತೆ ಬರೀ ತಲೆಯೊಳಗಿನ ಸಂಗತಿಯಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಹೊಲದ ಬದುವಿನ ಮೇಲೆ ನಾಗರಹಾವು ಹೆಡೆಯೆತ್ತಿದರೆ ನಿಮ್ಮ ಎದೆ ಡವಡವ ಹೊಡೆದುಕೊಳ್ಳುತ್ತದೆ, ಉಸಿರು ಬಿರುಸಾಗುತ್ತದೆ, ಬಾಯಿ ಒಣಗುತ್ತದೆ. ಮೂತ್ರಪಿಂಡಗಳ ಮೇಲೆ ಕೂತಿರುವ ಎರಡು ಸಣ್ಣ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುವುದೇ ಇದಕ್ಕೆ ಮುಖ್ಯ ಕಾರಣ. ಓಡುವುದಕ್ಕೋ ಹೊಡೆದಾಡುವುದಕ್ಕೋ ಮೈ ಸಿದ್ಧವಾಗುತ್ತದೆ, ರಕ್ತದೊತ್ತಡ ಏರುತ್ತದೆ, ಜೀರ್ಣದ ಕೆಲಸ ಹಿಂದೆ ಬೀಳುತ್ತದೆ. ವಾಲ್ಟರ್ ಕ್ಯಾನನ್ ಎಂಬ ಅಮೆರಿಕದ ಶರೀರವಿಜ್ಞಾನಿ 1915ರಲ್ಲೇ ಇದನ್ನು ವಿವರಿಸಿ ಪುಸ್ತಕ ಬರೆದರು. ಹಾವು ಹರಿದು ಹೋದ ಮೇಲೆ ಮೈ ತಣ್ಣಗಾಗುತ್ತದೆ. ಸಾಲ ಹಾಗಲ್ಲ ನೋಡಿ, ಅದು ಹಾಸಿಗೆಯ ಪಕ್ಕದಲ್ಲೇ ಹೆಡೆಯೆತ್ತಿ ಕೂತಿರುತ್ತದೆ. ತಿಂಗಳುಗಟ್ಟಲೆ ಮೈ ಹೀಗೆ ಬಿಗಿದುಕೊಂಡೇ ಇದ್ದರೆ ನಿದ್ದೆ ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ಕತ್ತು ಸೊಂಟ ಹಿಡಿಯುತ್ತವೆ, ಮನೆಯವರ ಮೇಲೆ ಸಿಡುಕು ಹೆಚ್ಚುತ್ತದೆ.

ಮೈಯನ್ನು ಸಡಿಲಿಸುವ ಏರ್ಪಾಡೂ ನಮ್ಮೊಳಗೇ ಇದೆ, ಅದಕ್ಕೆ ಉಸಿರು ಒಂದು ಕೈಪಿಡಿ. ಬೇಕಾದರೆ ಈಗಲೇ ಪರೀಕ್ಷಿಸಿ. ಎಡ ಮಣಿಕಟ್ಟಿನ ನಾಡಿಯ ಮೇಲೆ ಬಲಗೈ ಬೆರಳಿಟ್ಟು, ನಿಧಾನವಾಗಿ ಉಸಿರೆಳೆದು, ಇನ್ನೂ ನಿಧಾನವಾಗಿ ಹೊರಕ್ಕೆ ಬಿಡಿ. ಎಳೆಯುವಾಗ ನಾಡಿ ತುಸು ಚುರುಕು, ಬಿಡುವಾಗ ತುಸು ನಿಧಾನ. ವಯಸ್ಸಾದವರಲ್ಲಿ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು. ಎಳೆಯರಲ್ಲಿ ಚೆನ್ನಾಗಿ ತಿಳಿಯುತ್ತದೆ. ಉಸಿರು ಬಿಡುವ ಹೊತ್ತು ಉದ್ದವಾದಷ್ಟೂ ಎದೆಯ ಬಡಿತಕ್ಕೆ ಬಿಡುವು ಸಿಗುತ್ತದೆ.

ಹೇಳಿಸಿಕೊಂಡು ಮಾಡುವ ಈ ಪದ್ಧತಿಯನ್ನು ವೈದ್ಯರು ಬಹಳ ಕಾಲದಿಂದ ಬಲ್ಲರು. ಷಿಕಾಗೋದ ಎಡ್ಮಂಡ್ ಜೇಕಬ್‌ಸನ್ ಎಂಬ ವೈದ್ಯರು, ಒಂದೊಂದೇ ಮಾಂಸಖಂಡವನ್ನು ಸಡಿಲಬಿಡುವುದನ್ನು ಕಲಿತರೆ ಮನಸ್ಸಿನ ಬಿಗಿಯೂ ಇಳಿಯುತ್ತದೆಂದು 1929ರ ತಮ್ಮ ಪುಸ್ತಕದಲ್ಲಿ ತಿಳಿಸಿದರು. ನಮ್ಮ ದೇಶದಲ್ಲಿ ಬಿಹಾರದ ಮುಂಗೇರಿನಲ್ಲಿ ಯೋಗಶಾಲೆ ಕಟ್ಟಿದ ಸ್ವಾಮಿ ಸತ್ಯಾನಂದ ಸರಸ್ವತಿಯವರು, ಮಲಗಿಕೊಂಡೇ ಮಾಡುವ ಯೋಗನಿದ್ರೆಯನ್ನು ಸಾಮಾನ್ಯ ಜನರಿಗೆ ಒಗ್ಗುವ ಹಾಗೆ ರೂಪಿಸಿದರು. 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಬಹುಕಾಲದ ನೋವಿನಿಂದ ನರಳುವ ರೋಗಿಗಳಿಗೆ ಇಂಥದೇ ಶಿಕ್ಷಣ ಆರಂಭಿಸಿದರು. ಮನೆಯಲ್ಲಿ ಕೇಳುವುದಕ್ಕೆ ಕ್ಯಾಸೆಟ್ಟನ್ನೂ ಕೊಡುತ್ತಿದ್ದರು.

ನಿಮಗೆ ಕ್ಯಾಸೆಟ್ಟು ಬೇಡ. ಮನೆಯಲ್ಲಿ ಓದು ಬಲ್ಲ ಮಗಳೋ ಸೊಸೆಯೋ ಇದ್ದರೆ ಸಾಕು. ರಾತ್ರಿ ಊಟವಾಗಿ ಒಂದೆರಡು ಗಂಟೆ ಕಳೆಯಲಿ. ಚಾಪೆಯ ಮೇಲೆ ಅಂಗಾತ ಮಲಗಿ, ಕಾಲುಗಳ ನಡುವೆ ಅಂತರ ಬಿಟ್ಟು, ಅಂಗೈ ಮೇಲ್ಮುಖವಾಗಿರಲಿ. ಸೊಂಟ ನೋವಿದ್ದವರು ಮಂಡಿಯ ಕೆಳಗೆ ಒಂದು ಕಂಬಳಿ ಸುತ್ತಿಟ್ಟುಕೊಳ್ಳಬಹುದು. ಓದುವವರು ಹೀಗೆ ಹೇಳುತ್ತಾ ಹೋಗಲಿ:

"ಅಪ್ಪಾ, ಕಣ್ಣು ಮುಚ್ಚಿಕೊ. ದೂರದಲ್ಲಿ ನಾಯಿ ಬೊಗಳಿದರೆ ಬೊಗಳಲಿ, ಕೇಳಿಸಿಕೊ, ಬಿಟ್ಟುಬಿಡು. ಉಸಿರು ಬರುತ್ತಿದೆ, ಹೋಗುತ್ತಿದೆ, ಬರೀ ನೋಡು. ಈಗ ಬಲಗೈಗೆ ಬಾ. ಹೆಬ್ಬೆರಳು. ತೋರುಬೆರಳು. ನಡುಬೆರಳು. ಉಂಗುರಬೆರಳು. ಕಿರುಬೆರಳು. ಅಂಗೈ. ಮಣಿಕಟ್ಟು. ಮೊಣಕೈ. ಹೆಗಲು. ಇಡೀ ದಿನ ಗುದ್ದಲಿ ಹಿಡಿದ ಕೈ ಇದು, ನೆಲದ ಮೇಲೆ ಭಾರವಾಗಿ ಬಿದ್ದಿರಲಿ. ಬಲ ಪಕ್ಕೆ. ಸೊಂಟ. ತೊಡೆ. ಮಂಡಿ. ಮೀನಖಂಡ. ಹಿಮ್ಮಡಿ. ಪಾದ. ಬೆರಳುಗಳು..."

ಆಮೇಲೆ ಎಡಗಡೆ, ಆಮೇಲೆ ಬೆನ್ನು, ಕೊನೆಗೆ ಮುಖ. ದವಡೆ ಕಚ್ಚಿಕೊಂಡಿರುವುದು ನಿಮಗೆ ಆಗಲೇ ಗೊತ್ತಾಗುವುದು! ಒಂದೊಂದು ಹೆಸರಿಗೂ ಒಂದು ಉಸಿರಿನಷ್ಟು ಬಿಡುವು ಕೊಡಬೇಕು. ಮಕ್ಕಳು ಪಾಠ ಒಪ್ಪಿಸಿದ ಹಾಗೆ ಗಡಗಡ ಓದಿದರೆ ಪ್ರಯೋಜನವಿಲ್ಲ. ನಡುವೆ ಮನಸ್ಸು ಬ್ಯಾಂಕಿಗೆ ಹೋಗುತ್ತದೆ, ಬೋರ್‌ವೆಲ್ಲಿಗೆ ಹೋಗುತ್ತದೆ. ಹೋದರೆ ಬೈದುಕೊಳ್ಳಬೇಡಿ, ಮುಂದಿನ ಹೆಸರು ಕೇಳಿದಾಗ ವಾಪಸು ಬನ್ನಿ. ಹೀಗೆ ಹೋಗಿ ಬರುವುದೇ ಅಭ್ಯಾಸ. ಹದಿನೈದು ಇಪ್ಪತ್ತು ನಿಮಿಷ ಸಾಕು. ನಡುವೆ ಗೊರಕೆ ಬಂದರೆ ಓದುವವರು ಮೆಲ್ಲನೆ ಎದ್ದು ಹೋಗಬಹುದು. ಮನೆಯ ಹೆಣ್ಣುಮಕ್ಕಳಿಗೂ ಇದು ಬೇಕು. ಒಂದು ದಿನ ಅಪ್ಪನಿಗೆ ಓದಿದರೆ ಇನ್ನೊಂದು ದಿನ ಅವ್ವನಿಗೆ ಓದಲಿ; ಅವಳ ಚಿಂತೆಯನ್ನು ಕೇಳುವವರು ಕಡಿಮೆ.

ಇದರಿಂದ ಏನು ಲಾಭ? ಇದ್ದುದನ್ನು ಇದ್ದ ಹಾಗೆ ಹೇಳೋಣ. 2014ರಲ್ಲಿ ಅಮೆರಿಕದ ವಿದ್ವಾಂಸರು ಧ್ಯಾನದ ಬಗ್ಗೆ ನಡೆದಿದ್ದ 47 ಪರೀಕ್ಷೆಗಳನ್ನು, ಸುಮಾರು 3,500 ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿದರು. ಕಳವಳ, ಖಿನ್ನತೆ, ನೋವು ಈ ಮೂರರಲ್ಲಿ ಸಾಧಾರಣ ಮಟ್ಟದ ಗುಣ ಕಂಡಿತು. ಔಷಧಿಗಿಂತ, ವ್ಯಾಯಾಮಕ್ಕಿಂತ ಮೇಲು ಎಂದೇನೂ ತೋರಲಿಲ್ಲ. ನಿದ್ದೆಯ ವಿಷಯದಲ್ಲಿ ಆಗ ಸಾಕಷ್ಟು ಪುರಾವೆ ಸಿಗಲಿಲ್ಲ. ಮರುವರ್ಷ, ನಿದ್ದೆಗೆಟ್ಟ 49 ಮಂದಿ ವಯಸ್ಸಾದವರ ಮೇಲೆ ನಡೆದ ಒಂದು ಸಣ್ಣ ಪರೀಕ್ಷೆಯಲ್ಲಿ ಗುಣ ಕಂಡಿತು. ಅಮೆರಿಕದ ಹೃದ್ರೋಗ ಸಂಘವು 2017ರಲ್ಲಿ, ಧ್ಯಾನ ಹೃದಯಕ್ಕೆ ನೆರವಾಗಬಹುದು, ಆದರೆ ಚಿಕಿತ್ಸೆಯ ಜೊತೆಗೆ ಮಾಡಬೇಕೇ ಹೊರತು ಅದರ ಬದಲಿಗಲ್ಲ ಎಂದಿತು. ಆದ್ದರಿಂದ ಬಿ.ಪಿ. ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

"ಇಷ್ಟೆಲ್ಲಾ ಯಾಕೆ, ಒಂದು ಕ್ವಾರ್ಟರ್ ಹಾಕಿದರೆ ನಿದ್ದೆ ತಾನಾಗಿ ಬರುತ್ತೆ" ಎನ್ನುವವರಿಗೂ ಒಂದು ಮಾತು. ಬರುವುದೇನೋ ಬೇಗ ಬರುತ್ತದೆ, ಆದರೆ ನಡುರಾತ್ರಿ ಕಳೆದ ಮೇಲೆ ಒಡೆಯುತ್ತದೆ. ಬೆಳಿಗ್ಗೆ ಜೇಬೂ ಖಾಲಿ.

ಬೆಳೆಗೆ ಔಷಧಿ ಹೊಡೆದು ಬಂದ ದಿನ ವಿಪರೀತ ಬೆವರು, ಜೊಲ್ಲು, ಕಣ್ಣು ಮಂಜು, ಎದೆ ಬಿಗಿತ ಕಂಡರೆ ಅದು ಚಿಂತೆಯಲ್ಲ, ವಿಷದ ಲಕ್ಷಣ. ಚಾಪೆ ಹಾಸಬೇಡಿ, ಔಷಧಿಯ ಡಬ್ಬಿಯ ಚೀಟಿ ಹಿಡಿದು ಆಸ್ಪತ್ರೆಗೆ ಓಡಿ. ಟ್ರ್ಯಾಕ್ಟರ್ ಓಡಿಸುತ್ತಾ ಮೊಬೈಲಿನಲ್ಲಿ ಈ ಧ್ಯಾನ ಕೇಳುವುದೂ ಬೇಡ. ಕೆಲವರಿಗೆ ಕಣ್ಣು ಮುಚ್ಚಿದ ಕೂಡಲೆ ಹಳೆಯ ಸಂಕಟವೆಲ್ಲಾ ಉಕ್ಕಿ ಬರುತ್ತದೆ. ಅಂಥವರು ಕಣ್ಣು ತೆರೆದು, ಎದ್ದು ಕೂತು, ನೀರು ಕುಡಿಯಿರಿ, ಬಲವಂತ ಮಾಡಬೇಡಿ. ಮನೋರೋಗಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳಿಯೇ ಆರಂಭಿಸಬೇಕು.

ಧ್ಯಾನ ಸಾಲ ತೀರಿಸುವುದಿಲ್ಲ. ಬೆಳಿಗ್ಗೆ ಎದ್ದು ಸೊಸೈಟಿಗೆ ಹೋಗಿ ವಾಯಿದೆಯ ಮಾತಾಡುವುದು ನಿಮ್ಮ ಕೆಲಸವೇ. ಆದರೆ ನಿದ್ದೆ ಮಾಡಿ ಎದ್ದವನು ಆಡುವ ಮಾತಿಗೂ ನಿದ್ದೆಗೆಟ್ಟವನು ಆಡುವ ಮಾತಿಗೂ ವ್ಯತ್ಯಾಸವಿದೆ. ಇನ್ನು, ಎರಡು ವಾರವಾದರೂ ಊಟ ಸೇರದೆ, ಯಾರ ಮುಖವೂ ಬೇಡವಾಗಿ, ಬದುಕೇ ಸಾಕೆನ್ನಿಸಿದ್ದರೆ, ಅಥವಾ ಮನೆಯ ಯಜಮಾನರು ಹಾಗೆ ಮಾತಾಡುವುದು ನಿಮ್ಮ ಕಿವಿಗೆ ಬಿದ್ದಿದ್ದರೆ, ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕ್ರಿಮಿನಾಶಕದ ಡಬ್ಬಿಗಳನ್ನು ಬೀಗ ಹಾಕಿಡಿ. 2022ರ ಅಕ್ಟೋಬರಿನಲ್ಲಿ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆ ಇದೆ, ಅದರ ಸಂಖ್ಯೆ 14416. ಕಾಸು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿ ಪಂಪುಸೆಟ್ಟು ಹಾಕಲು ಎದ್ದ ಹೊತ್ತಿನಲ್ಲೂ ಕರೆ ಮಾಡಬಹುದು.