ಗೇಟಿನಾಚೆಯ ಬೀದಿ ಯಾರ ಹೊಣೆ?

ಅಮೆರಿಕದ ಫಿಲಡೆಲ್ಫಿಯಾ ನಗರದ ಪಶ್ಚಿಮ ಭಾಗದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವಿದೆ. ಬೆಂಜಮಿನ್ ಫ್ರಾಂಕ್ಲಿನ್ ಕಟ್ಟಿದ ಈ ಸಂಸ್ಥೆ 1872ರಲ್ಲಿ ನದಿ ದಾಟಿ ಇಲ್ಲಿ ನೆಲೆಯೂರಿತು. ಎಲ್ಲರೂ ಅದನ್ನು 'ಪೆನ್' ಎಂದೇ ಕರೆಯುತ್ತಾರೆ. 1996ರ ಸೆಪ್ಟೆಂಬರಿನಲ್ಲಿ, ತರಗತಿಗಳು ಶುರುವಾದ ಮೊದಲ ತಿಂಗಳಲ್ಲೇ, ಕ್ಯಾಂಪಸ್ಸಿನಲ್ಲೂ ಅದರ ಸುತ್ತಲೂ ಸುಮಾರು ಮೂವತ್ತು ಸುಲಿಗೆಗಳು ನಡೆದವು. ಪಿಸ್ತೂಲು ತೋರಿಸಿ ಪರ್ಸು ಕಿತ್ತುಕೊಂಡು ಓಡುವುದು ಮಾಮೂಲಾಗಿತ್ತು. ಒಬ್ಬ ವಿದ್ಯಾರ್ಥಿಗೆ ಗುಂಡೇಟು ಬಿತ್ತು. ಅಕ್ಟೋಬರ್ 31ರ ರಾತ್ರಿ, ಭಾವಿ ಪತ್ನಿಯ ಜೊತೆ ಮನೆಗೆ ನಡೆದು ಹೋಗುತ್ತಿದ್ದ ಜೀವರಸಾಯನ ವಿಜ್ಞಾನಿಯೊಬ್ಬರನ್ನು ಸುಲಿಗೆಕೋರರು ಇರಿದು ಕೊಂದರು.

ತಂದೆ ತಾಯಂದಿರು ಸಿಟ್ಟಿಗೆದ್ದರು. ಎರಡು ವರ್ಷ ಹಿಂದೆಯೂ ಅದೇ ಪರಿಸರದಲ್ಲಿ ಸಂಶೋಧನಾ ವಿದ್ಯಾರ್ಥಿಯೊಬ್ಬನ ಕೊಲೆಯಾಗಿತ್ತು. ಲಕ್ಷಗಟ್ಟಲೆ ಡಾಲರ್ ಸುರಿದು ಕಳಿಸಿದ ಮಕ್ಕಳು ಗ್ರಂಥಾಲಯದಿಂದ ಕೋಣೆಗೆ ಜೀವಸಹಿತ ತಲುಪುತ್ತಾರೆಯೇ ಎಂದು ಅವರು ಕೇಳತೊಡಗಿದರು.

ಆಗ ವಿಶ್ವವಿದ್ಯಾಲಯದ ಅಧ್ಯಕ್ಷೆಯಾಗಿದ್ದವರು ಜುಡಿತ್ ರೋಡಿನ್. ಅವರು ಫಿಲಡೆಲ್ಫಿಯಾದಲ್ಲೇ ಹುಟ್ಟಿ, ಪೆನ್‌ನಲ್ಲೇ ಓದಿದವರು. ಗೋಡೆ ಎತ್ತರಿಸುವುದು, ಗೇಟು ಬಿಗಿ ಮಾಡುವುದು ಅವರ ಮುಂದಿದ್ದ ಸುಲಭದ ದಾರಿ. ಹಿಂದಿನ ದಶಕಗಳಲ್ಲಿ ವಿಶ್ವವಿದ್ಯಾಲಯ ಹೆಚ್ಚುಕಡಿಮೆ ಅದನ್ನೇ ಮಾಡಿತ್ತು: ಕಟ್ಟಡಗಳ ಮುಖವೆಲ್ಲ ಒಳಗಿನ ಅಂಗಳಕ್ಕೆ, ಬೀದಿಗೆ ಬರೀ ಬೆನ್ನು. ಅಂಗಡಿಯಿಲ್ಲ, ಕಿಟಕಿಯಿಲ್ಲ, ಜನರಿಲ್ಲ. ಕತ್ತಲಾದ ಮೇಲೆ ಅಂಥ ಬೀದಿಯಲ್ಲಿ ಒಂಟಿಯಾಗಿ ಹೋಗುವವರು ಸುಲಿಗೆಕೋರನಿಗೆ ಸುಲಭದ ತುತ್ತು.

ಆ ನೆರೆಹೊರೆಯಲ್ಲಿ ಹಳೆಯ ಗಾಯವೂ ಇತ್ತು. 1960ರ ದಶಕದಲ್ಲಿ ನಗರ ನವೀಕರಣದ ಹೆಸರಿನಲ್ಲಿ, ಕ್ಯಾಂಪಸ್ಸಿನ ಪಕ್ಕದಲ್ಲೇ ಇದ್ದ 'ಬ್ಲ್ಯಾಕ್ ಬಾಟಮ್' ಎಂಬ ಕಪ್ಪು ಜನರ ಬಡಾವಣೆಯನ್ನು ನೆಲಸಮ ಮಾಡಿ ಸಾವಿರಾರು ಜನರನ್ನು ಎಬ್ಬಿಸಲಾಗಿತ್ತು. ವಿಶ್ವವಿದ್ಯಾಲಯವೂ ಅದರ ಪಾಲುದಾರ. ಸುತ್ತಲಿನ ಜನ ವಿಶ್ವವಿದ್ಯಾಲಯವನ್ನು ತಮ್ಮದೆಂದು ಭಾವಿಸಲು ಕಾರಣವೇ ಉಳಿದಿರಲಿಲ್ಲ.

ರೋಡಿನ್ ಪೊಲೀಸರನ್ನು ಹೆಚ್ಚಿಸಿದರು, ನಿಜ. ಪೆನ್‌ಗೆ ಇಂದು ನೂರಕ್ಕೂ ಹೆಚ್ಚು ಅಧಿಕಾರಿಗಳ ಸ್ವಂತ ಪೊಲೀಸ್ ಪಡೆಯಿದೆ. ಆದರೆ ರೋಡಿನ್ ಅವರ ಯೋಜನೆಯ ಜೀವಾಳ ಬೇರೆ ಕಡೆಗಿತ್ತು. ಮನೆಯ ಮುಂದೆ ದೀಪ ಹಾಕಿಸಿಕೊಳ್ಳುವವರಿಗೆ ವಿಶ್ವವಿದ್ಯಾಲಯ ಖರ್ಚಿನಲ್ಲಿ ಪಾಲು ಕೊಟ್ಟಿತು. ಸಾವಿರಕ್ಕೂ ಹೆಚ್ಚು ಮನೆಗಳ ಜಗುಲಿಗಳು ಬೆಳಗಿದವು, ಅದರೊಂದಿಗೆ ಕಾಲುದಾರಿಗಳೂ ಬೆಳಕು ಕಂಡವು. 1997ರಲ್ಲಿ ಇತರ ಸಂಸ್ಥೆಗಳನ್ನೂ ಸೇರಿಸಿಕೊಂಡು 'ಯೂನಿವರ್ಸಿಟಿ ಸಿಟಿ ಡಿಸ್ಟ್ರಿಕ್ಟ್' ಎಂಬ ಸಂಸ್ಥೆ ಹುಟ್ಟಿತು. ಬೀದಿ ಗುಡಿಸುವುದು, ಗೋಡೆಬರಹ ಅಳಿಸುವುದು, ಸಮವಸ್ತ್ರ ತೊಟ್ಟು ಬೀದಿಯಲ್ಲಿ ಓಡಾಡುತ್ತ ಕೇಳಿದವರನ್ನು ಮನೆ ಮುಟ್ಟಿಸುವುದು ಅದರ ಕೆಲಸ. ಸಿಬ್ಬಂದಿ ಅದೇ ನೆರೆಹೊರೆಯಲ್ಲಿ ಮನೆ ಕೊಂಡರೆ ವಿಶ್ವವಿದ್ಯಾಲಯ ಸಾವಿರಾರು ಡಾಲರ್ ನೆರವು ಕೊಟ್ಟಿತು. ನಲವತ್ತನೇ ಬೀದಿಯಲ್ಲಿ ದಿನಸಿಯ ದೊಡ್ಡ ಅಂಗಡಿ, ಸಿನಿಮಾ ಮಂದಿರ ತಲೆಯೆತ್ತಿದವು. 2001ರಲ್ಲಿ ವಿಶ್ವವಿದ್ಯಾಲಯದ ಹಣದ ನೆರವಿನಿಂದ ಒಂದು ಸರ್ಕಾರಿ ಶಾಲೆ ತೆರೆಯಿತು. ಅಮೆರಿಕದಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ವ್ಯಕ್ತಿ, ಪೆನ್‌ನಲ್ಲೇ ಓದಿದ ಸೇಡೀ ಅಲೆಕ್ಸಾಂಡರ್ ಅವರ ಹೆಸರನ್ನು ಅದಕ್ಕೆ ಇಡಲಾಯಿತು.

ವಿಶ್ವವಿದ್ಯಾಲಯದ ಲೆಕ್ಕದಂತೆ 1996ರಿಂದ 2002ರ ಹೊತ್ತಿಗೆ ಆ ಪ್ರದೇಶದ ಅಪರಾಧಗಳು ಸುಮಾರು ಶೇ. 40ರಷ್ಟು ಇಳಿದವು. ಆ ವರ್ಷಗಳಲ್ಲಿ ಅಮೆರಿಕದ ಹಲವು ನಗರಗಳಲ್ಲೂ ಅಪರಾಧ ಇಳಿಯುತ್ತಿತ್ತು, ಹಾಗಾಗಿ ಶ್ರೇಯವನ್ನೆಲ್ಲ ಪೆನ್‌ಗೇ ಕೊಡಲಾಗದು. ಇನ್ನೊಂದು ಮಾತನ್ನೂ ಹೇಳಲೇಬೇಕು. ಹೊಸ ಶಾಲೆಯ ವ್ಯಾಪ್ತಿಯಲ್ಲಿ ಮನೆ ಬೆಲೆ, ಬಾಡಿಗೆ ಏರಿದವು. ಬಡವರು ದೂರ ಸರಿಯಬೇಕಾಯಿತು. ಸುರಕ್ಷತೆ ಬಂದಾಗ ಹಳೆಯ ನಿವಾಸಿಗಳೇ ಅಲ್ಲಿ ಉಳಿಯಲಾಗದಿದ್ದರೆ ಆ ಗೆಲುವು ಅರ್ಧದ್ದೇ. ಈ ಸುರಕ್ಷತೆಗೆ ಗಡಿಯೂ ಉಂಟು: ಪೆನ್ ಪೊಲೀಸರ ಗಸ್ತು ಪಶ್ಚಿಮದಲ್ಲಿ 43ನೇ ಬೀದಿಯವರೆಗೆ ಮಾತ್ರ. ಗಡಿಯ ಎರಡೂ ಬದಿಯ ಬ್ಲಾಕ್‌ಗಳನ್ನು ಹೋಲಿಸಿದ ಸಂಶೋಧಕರಿಗೆ ಒಳಬದಿಯಲ್ಲಿ ಅಪರಾಧ ಎದ್ದು ಕಾಣುವಷ್ಟು ಕಡಿಮೆಯಿರುವುದು ಕಂಡಿತು. 44ನೇ ಬೀದಿಯ ತಾಯಿಗೂ ತನ್ನ ಮಗ ಕ್ಷೇಮವಾಗಿ ಮನೆಗೆ ಬರಬೇಕೆಂಬ ಆಸೆ ಅಷ್ಟೇ ಇರುತ್ತದೆ.

ಇದೇ ಫಿಲಡೆಲ್ಫಿಯಾದಲ್ಲಿ ನಡೆದ ಇನ್ನೊಂದು ಪ್ರಯೋಗ ಬೀದಿಯನ್ನೇ ಸುಧಾರಿಸುವ ಈ ದಾರಿಗೆ ಗಟ್ಟಿ ಪುರಾವೆ ಕೊಡುತ್ತದೆ. ಪಾಳುಬಿದ್ದ 541 ಖಾಲಿ ನಿವೇಶನಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಕೆಲವುಗಳಲ್ಲಿ ಕಸ ತೆಗೆದು, ಹುಲ್ಲು ಬೆಳೆಸಿ, ಒಂದೆರಡು ಗಿಡ ನೆಟ್ಟು, ತಗ್ಗಾದ ಮರದ ಬೇಲಿ ಹಾಕಲಾಯಿತು. ಬೇಲಿಯಲ್ಲಿ ಜನ ಒಳಗೆ ಬರಲು ಜಾಗವನ್ನೂ ಬಿಟ್ಟಿದ್ದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕಡುಬಡತನದ ಬಡಾವಣೆಗಳಲ್ಲಿ ಹೀಗೆ ಹಸಿರಾದ ಜಾಗಗಳ ಸುತ್ತ ಬಂದೂಕಿನ ಹಿಂಸೆ ಶೇ. 29ರಷ್ಟು ತಗ್ಗಿತ್ತು. ನ್ಯೂಯಾರ್ಕ್‌ನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಪ್ರಖರ ದೀಪಸ್ತಂಭಗಳನ್ನು ನಿಲ್ಲಿಸಿ ನೋಡಿದಾಗಲೂ ರಾತ್ರಿ ಹೊರಾಂಗಣದ ಗಂಭೀರ ಅಪರಾಧಗಳು ಸುಮಾರು ಮೂರನೇ ಒಂದರಷ್ಟು ಇಳಿದವು.

ದೀಪ, ಜನಸಂಚಾರದ ಜೊತೆಗೆ ಬೇಕಾದ ಇನ್ನೊಂದು ವಸ್ತು ಮಾಹಿತಿ. ಇದನ್ನು ಅಮೆರಿಕ ಕಲಿತದ್ದು ಒಂದು ಕುಟುಂಬದ ಸಂಕಟದಿಂದ. 1986ರ ಏಪ್ರಿಲ್ 5ರಂದು ಪೆನ್ಸಿಲ್ವೇನಿಯಾ ರಾಜ್ಯದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲೇ ಜೀನ್ ಕ್ಲೆರಿ ಎಂಬ 19 ವರ್ಷದ ವಿದ್ಯಾರ್ಥಿನಿಯನ್ನು ಅತ್ಯಾಚಾರ ಮಾಡಿ ಕೊಲ್ಲಲಾಯಿತು. ಕೊಂದವನು ಬೀದಿಯ ಅಪರಿಚಿತನಲ್ಲ, ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ. ತಾವಾಗಿಯೇ ಮುಚ್ಚಿಕೊಂಡು ಬೀಗ ಬೀಳಬೇಕಿದ್ದ ಬಾಗಿಲುಗಳಿಗೆ ಯಾರೋ ಅಡ್ಡ ಇಟ್ಟು ತೆರೆದಿಟ್ಟಿದ್ದರು. ಆ ಕ್ಯಾಂಪಸ್ಸಿನಲ್ಲಿ ಅದಕ್ಕೆ ಮುಂಚೆ ನಡೆದಿದ್ದ ಅಪರಾಧಗಳ ಪಟ್ಟಿ ತಂದೆ ತಾಯಿಗೆ ಸಿಕ್ಕಿದ್ದು ಮಗಳನ್ನು ಕಳೆದುಕೊಂಡ ಮೇಲೆ. ಅವರು ಬಿಡದೆ ಹೋರಾಡಿದರು. 1990ರಲ್ಲಿ ಕಾನೂನು ಬಂತು, ಮುಂದೆ ಅದಕ್ಕೆ ಜೀನ್ ಕ್ಲೆರಿಯ ಹೆಸರನ್ನೇ ಇಡಲಾಯಿತು.

ಈ ಕಾನೂನಿನ ಪ್ರಕಾರ, ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಪ್ರತಿ ಕಾಲೇಜೂ ಹಿಂದಿನ ಮೂರು ವರ್ಷಗಳ ಅಪರಾಧದ ಅಂಕಿಅಂಶವನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಕ್ಯಾಂಪಸ್ಸಿಗೆ ತಾಗಿದ ಸಾರ್ವಜನಿಕ ಬೀದಿಗಳ ಲೆಕ್ಕವೂ ಅದರಲ್ಲಿರಬೇಕು. ಸ್ವಂತ ಪೊಲೀಸ್ ಅಥವಾ ಭದ್ರತಾ ವಿಭಾಗವಿದ್ದರೆ ದಿನದಿನದ ಅಪರಾಧಗಳ ದಾಖಲೆಯನ್ನು ಯಾರು ಕೇಳಿದರೂ ತೋರಿಸಬೇಕು. ಅಪಾಯ ಮುಂದುವರಿಯುವಂತಿದ್ದರೆ ಎಲ್ಲರನ್ನೂ ಕೂಡಲೇ ಎಚ್ಚರಿಸಬೇಕು. ಕರ್ನಾಟಕದಿಂದ ಅಲ್ಲಿಗೆ ಓದಲು ಹೋಗುವ ಮಕ್ಕಳ ಮನೆಯವರು ಶುಲ್ಕ, ರ‍್ಯಾಂಕಿಂಗ್ ನೋಡುವ ಹೊತ್ತಿನಲ್ಲೇ ಈ ವರದಿಯನ್ನೂ ತೆರೆದು ಓದಬಹುದು. ಮನೆ ಹಿಡಿಯುವ ಮುನ್ನ ಗಸ್ತಿನ ಗಡಿ ಎಲ್ಲಿಯವರೆಗಿದೆ, ರಾತ್ರಿಯ ಉಚಿತ ಬಸ್ಸು ಎಲ್ಲಿಯವರೆಗೆ ಬರುತ್ತದೆ ಎಂದು ನೋಡಿಕೊಳ್ಳಬೇಕು. ಜೊತೆಗೆ ನಡೆದು ಬಂದು ಬಿಟ್ಟುಹೋಗುವ ಸೇವೆಯನ್ನು ಕೇಳಲು ಸಂಕೋಚ ಪಡಬಾರದು. ಯಾರಾದರೂ ಅಡ್ಡಗಟ್ಟಿದರೆ ಫೋನು, ಪರ್ಸು ಕೊಟ್ಟುಬಿಡಬೇಕು, ಆಮೇಲೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಬೇಕು. 2021ರ ನವೆಂಬರಿನಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಬಳಿ, ಹಗಲಿನಲ್ಲೇ, ಪದವಿ ಮುಗಿಸಿದ್ದ ಚೀನೀ ತರುಣನೊಬ್ಬ ಸುಲಿಗೆಕೋರನ ಗುಂಡಿಗೆ ಬಲಿಯಾದ. ಅವನಿಂದ ಕಿತ್ತುಕೊಂಡ ವಸ್ತುಗಳನ್ನು ಕೊಲೆಗಾರ ಮಾರಿದ್ದು ಕೇವಲ ನೂರು ಡಾಲರಿಗೆ.

ನಮ್ಮಲ್ಲಿ ಹೇಗಿದೆ? 2015ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಹೊರಡಿಸಿದ ವಿದ್ಯಾರ್ಥಿ ಸುರಕ್ಷತೆಯ ಮಾರ್ಗಸೂಚಿಯಲ್ಲಿ ಸುಲಭವಾಗಿ ಹತ್ತಲಾಗದ ಗೋಡೆ, ಅದರ ಮೇಲೆ ಮುಳ್ಳುತಂತಿಯ ಸುರುಳಿಯ ಮಾತಿತ್ತು. 2021ರ ಆಗಸ್ಟಿನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದ ಬೆನ್ನಿಗೇ ಮೈಸೂರು ವಿಶ್ವವಿದ್ಯಾಲಯ ಸುತ್ತೋಲೆ ಹೊರಡಿಸಿತು: ಸಂಜೆ ಆರೂವರೆಯ ನಂತರ ಹೆಣ್ಣುಮಕ್ಕಳು ಅದರ ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ, ಕುಕ್ಕರಹಳ್ಳಿ ಕೆರೆಯ ಬಳಿ ಒಂಟಿಯಾಗಿ ಓಡಾಡಬಾರದು. ತಪ್ಪು ಮಾಡಿದವರು ಗಂಡಸರು, ಮನೆಯೊಳಗಿರಬೇಕಾದವರು ಹೆಣ್ಣುಮಕ್ಕಳೇ ಎಂದು ಜನ ಕೇಳಿದರು. ಸುತ್ತೋಲೆಯನ್ನು ಹಿಂದಕ್ಕೆ ಪಡೆಯಲಾಯಿತು. ಹೆಣ್ಣುಮಕ್ಕಳು ಒಳಗೆ ಸೇರಿದಷ್ಟೂ ದಾರಿ ನಿರ್ಜನವಾಗುತ್ತದೆ, ನಿರ್ಜನವಾದಷ್ಟೂ ಅದು ಇನ್ನೊಬ್ಬಳಿಗೆ ಅಪಾಯಕಾರಿಯಾಗುತ್ತದೆ. ಫಿಲಡೆಲ್ಫಿಯಾ ದಶಕಗಳ ಕಾಲ ಬೆಲೆ ತೆತ್ತು ಕಲಿತ ಪಾಠವಿದು.

ಕಾನೂನಿನಲ್ಲಿ ಕೆಲವು ಅನುಕೂಲಗಳು ನಮಗೂ ಬಂದಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂ, ಮೊಬೈಲ್, ಸರ ಕಸಿದು ಓಡುವುದನ್ನು ಪ್ರತ್ಯೇಕ ಅಪರಾಧವೆಂದು ಗುರುತಿಸಿದೆ. ಮೂರು ವರ್ಷದವರೆಗೆ ಜೈಲು ಶಿಕ್ಷೆಯಿದೆ. 'ಇದು ನಮ್ಮ ಠಾಣೆಯ ವ್ಯಾಪ್ತಿಯಲ್ಲ' ಎಂದು ಪೊಲೀಸರು ದೂರುದಾರರನ್ನು ಹಿಂದೆ ಕಳಿಸುವಂತಿಲ್ಲ. ಯಾವ ಠಾಣೆಯಲ್ಲಾದರೂ 'ಝೀರೋ ಎಫ್ಐಆರ್' ದಾಖಲಿಸಬಹುದು. ಕಳೆದುಹೋದ ಫೋನನ್ನು 'ಸಂಚಾರ್ ಸಾಥಿ' ಜಾಲತಾಣದ ಮೂಲಕ ಕೆಲಸಕ್ಕೆ ಬಾರದಂತೆ ಮಾಡಿಸಬಹುದು. ತುರ್ತಿಗೆ 112 ಇದೆ.

ಆದರೆ ಕ್ಲೆರಿ ಕಾನೂನಿನಂಥದ್ದು ಭಾರತದಲ್ಲಿ ಇಲ್ಲ. ಅದು ಬರುವವರೆಗೆ ಕಾಯಬೇಕಿಲ್ಲ. ಈ ವರ್ಷ ಮಗಳನ್ನೋ ಮಗನನ್ನೋ ಕಾಲೇಜಿಗೆ ಸೇರಿಸಲು ಹೋದಾಗ, ಹಾಸ್ಟೆಲಿನ ಊಟ, ಪ್ಲೇಸ್‌ಮೆಂಟ್ ವಿಚಾರಿಸಿದ ಹಾಗೆಯೇ, ಕಳೆದ ಮೂರು ವರ್ಷಗಳಲ್ಲಿ ಗೇಟಿನ ಒಳಗೂ ಹೊರಗೂ ಏನೇನು ನಡೆದಿದೆ, ಬಸ್ ಸ್ಟಾಪಿನಿಂದ ಹಾಸ್ಟೆಲಿನವರೆಗೆ ಎಷ್ಟು ದೀಪ ಉರಿಯುತ್ತವೆ ಎಂದು ಕೇಳಿ. ಉತ್ತರವನ್ನು ಬರಹದಲ್ಲೇ ಕೊಡಿ ಎನ್ನಿ.