ಹರಕೆ ಹಿರಿಯರದು, ಬಾಳು ಮಗಳದು

ಗೋಕಾಕ ಫಾಲ್ಸ್‌ನಲ್ಲಿ ಧುಮುಕಿ ಹರಿಯುವ ಘಟಪ್ರಭೆಯ ಸೀಮೆಯಿಂದ ಭರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಭಕ್ತರು ಅಸಂಖ್ಯ. ಒಂದು ಕಾಲಕ್ಕೆ ಅದೇ ಹಾದಿಯಲ್ಲಿ ಎಳೆಯ ಹೆಣ್ಣುಮಕ್ಕಳನ್ನೂ ಕರೆದೊಯ್ದು, ಕೊರಳಿಗೆ ಮುತ್ತು ಕಟ್ಟಿಸಿ, ದೇವದಾಸಿಯರನ್ನಾಗಿ ಮಾಡುತ್ತಿದ್ದರು. ಹರಕೆ ಹೊತ್ತವರು ಹಿರಿಯರು. ಅದನ್ನು ಬಾಳಿಡೀ ತೀರಿಸಿದವಳು ಮಗಳು. ಧರ್ಮಾಚರಣೆಯಲ್ಲಿ ನ್ಯಾಯಾಲಯ ಪ್ರವೇಶಿಸಬಹುದೇ ಎಂಬ ಪ್ರಶ್ನೆಯನ್ನು ನಾವು ಈ ಮಗಳನ್ನು ಎದುರಿಗಿಟ್ಟುಕೊಂಡೇ ವಿಚಾರಿಸಬೇಕು.

ಸಂವಿಧಾನದ 25ನೆಯ ವಿಧಿಯು ಧರ್ಮಸ್ವಾತಂತ್ರ್ಯವನ್ನು ನೀಡಿದೆ. ಆದರೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಹಾಗೂ ಇತರ ಮೂಲಭೂತ ಹಕ್ಕುಗಳಿಗೆ ಅದನ್ನು ಒಳಪಡಿಸಿದೆ. 2018ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟಿನ ಐವರ ಪೀಠವು ಶಬರಿಮಲೆಯಲ್ಲಿ 10ರಿಂದ 50 ವರ್ಷದ ಸ್ತ್ರೀಯರಿಗಿದ್ದ ಪ್ರವೇಶ ನಿರ್ಬಂಧವನ್ನು 4–1ರ ಬಹುಮತದಿಂದ ರದ್ದುಪಡಿಸಿತು. ಭಿನ್ನಮತ ಸೂಚಿಸಿದವರು ಪೀಠದಲ್ಲಿದ್ದ ಏಕೈಕ ಮಹಿಳೆ, ನ್ಯಾಯಮೂರ್ತಿ ಇಂದೂ ಮಲ್ಹೋತ್ರಾ. ಸತೀಪದ್ಧತಿಯಂತಹ ಪಿಡುಗುಗಳ ಹೊರತು ನಂಬಿಕೆಯ ಆಚರಣೆಗಳಲ್ಲಿ ನ್ಯಾಯಾಲಯ ಕೈಯಿಕ್ಕಬಾರದೆಂಬುದು ಅವರ ನಿಲುವು. 2019ರ ನವೆಂಬರ್‌ನಲ್ಲಿ ಈ ವಿಷಯ ವಿಸ್ತೃತ ಪೀಠಕ್ಕೆ ಹೋಯಿತು.

ದೇವಾಲಯ ಪ್ರವೇಶದ ಬಗೆಗೆ ಬಲ್ಲವರಲ್ಲಿ ಭಿನ್ನಾಭಿಪ್ರಾಯವಿರಬಹುದು. ಆದರೆ ಒಲ್ಲೆನೆನ್ನಲು ಬಾಯಿಯೂ ಬಾರದ ಬಾಲೆಯ ಬಾಳು ಹಾಳಾಗುವಲ್ಲಿ ಎರಡು ಮಾತಿಗೆ ಎಡೆಯೆಲ್ಲಿದೆ? ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ, 1934ರಲ್ಲಿ, ಆ ಪ್ರಾಂತದಲ್ಲಿ ದೇವದಾಸಿಯರ ರಕ್ಷಣೆಗೆ ಕಾಯಿದೆ ಬಂದಿತ್ತು. 1982ರಲ್ಲಿ ಕರ್ನಾಟಕವು ಸಮರ್ಪಣೆಯನ್ನು ನಿಷೇಧಿಸಿ, ಹಾಗೆ ಮಾಡುವ ತಂದೆತಾಯಿ, ಬಂಧುಗಳಿಗೆ ಇತರರಿಗಿಂತ ಹೆಚ್ಚಿನ ಶಿಕ್ಷೆಯನ್ನು ವಿಧಿಸಿತು. ಆದರೂ 1990ರಲ್ಲಿ ವಿಶಾಲ್ ಜೀತ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಪದ್ಧತಿಯ ನಿರ್ಮೂಲನಕ್ಕಾಗಿ ಸರ್ಕಾರಗಳಿಗೆ ಮತ್ತೆ ನಿರ್ದೇಶನ ನೀಡಬೇಕಾಯಿತು. ಕಾರಣ ಸ್ಪಷ್ಟ: ಅಪರಾಧ ನಡೆಯುವುದು ಮನೆಯವರ ಕೈಯಿಂದ, ಸಾಕ್ಷಿಗಳೂ ಮನೆಯವರೇ. ಹೆತ್ತವರ ಮೇಲೆ ದೂರು ಕೊಡುವ ಮಗು ಎಲ್ಲಿದೆ?

ಆ ಮೌನವನ್ನು ಮುರಿದವರು ನೊಂದವರೇ. 1997ರಲ್ಲಿ ಘಟಪ್ರಭೆಯಲ್ಲಿ ಮಾಜಿ ದೇವದಾಸಿಯರ ಸಂಘಟನೆಯಾಗಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ರೂಪುಗೊಂಡಿತು. ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿಯವರು ಈ ಸಂಸ್ಥೆಯ ಮೂಲಕ ದುಡಿದು 2018ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಕಾಯಿದೆಯು ಅವರಿಗೆ ಆಸರೆಯಾಯಿತು. ಮನೆಮನೆಯ ಬಾಗಿಲು ತಟ್ಟಿದವರು ಮಾತ್ರ ಈ ತಾಯಂದಿರೇ.

ಹೆಣ್ಣಿಗೂ ಇಷ್ಟಲಿಂಗವನ್ನು ಕರುಣಿಸಿದ ಶರಣರ ಪರಂಪರೆ ನಮ್ಮದೆಂದು ಹೆಮ್ಮೆಪಡುತ್ತೇವೆ. ಆ ಹೆಮ್ಮೆಯ ಜೊತೆಗೆ ಹೊಣೆಯೂ ಇದೆ. ಆಚರಣೆಯೊಂದು ಯಾರ ಬಾಳನ್ನು ಬಲಿ ಬೇಡುತ್ತದೆ, ಅವಳ ಒಪ್ಪಿಗೆಯನ್ನು ಯಾರಾದರೂ ಕೇಳಿದರೇ ಎಂದು ಮೊದಲು ವಿಚಾರಿಸಬೇಕಾದವರು ಮನೆಯ ಹಿರಿಯರು, ಊರಿನ ದೈವದವರು. ಅವರು ಕೇಳದೆ ಹೋದಾಗ ನ್ಯಾಯಾಲಯ ಕೇಳುವುದು ಅನಿವಾರ್ಯ. ಅದನ್ನು ಧರ್ಮದ ಮೇಲಿನ ಆಕ್ರಮಣವೆಂದು ಕರೆಯುವ ಮುನ್ನ, ಮಗಳ ಮಾತಿಗೆ ನಮ್ಮ ಮನೆಯಲ್ಲಿ ಎಷ್ಟು ಬೆಲೆಯಿದೆ ಎಂಬುದನ್ನು ನಾವು ಒಮ್ಮೆ ನೋಡಿಕೊಳ್ಳೋಣ.